ಎಡಗಡೆಯ ಎರಡು ಬೋಲ್ಟು

ಡಾಕ್ಟರ ಗಾಡಿ ನಮ್ಮ ಶೆಡ್ಡಿಗೆ ಬಂದಾಗ ಎರಡು ಗ್ಯಾರೇಜು ಒಂದಾಗಿ ಮೂರು ವಾರವಾಗಿತ್ತು. ಸಾಂಗ್ಲಿಯದು ನಮ್ಮದು, ಮಿರಜಿನದು ಅವರದು. ಪುಣೆಯ ಕಂಪನಿಯೊಂದು ಎರಡನ್ನೂ ಕೊಂಡು, ಸಾಂಗ್ಲಿ-ಮಿರಜ ರಸ್ತೆಯ ಮೇಲೆ ಹೊಸ ಶೆಡ್ ಎಬ್ಬಿಸಿ, ಎರಡೂ ಕಡೆಯವರನ್ನು ಅದರೊಳಗೆ ತಂದು ಬಿಟ್ಟಿತ್ತು. ಬ್ರೇಕಿನ ಕೆಲಸಕ್ಕೆ ಸಾಂಗ್ಲಿಯಿಂದ ನಾನಿದ್ದೆ, ಮಿರಜಿನಿಂದ ಒಬ್ಬ ಮಿಸ್ತ್ರಿ ಇದ್ದರು. ಬೇಕಾದದ್ದು ಒಬ್ಬರೇ. ತಿಂಗಳ ಕೊನೆಗೆ ಪಟ್ಟಿ ಬರುತ್ತದೆ, ಅದರಲ್ಲಿ ಹೆಸರಿದ್ದವರು ಉಳಿಯುತ್ತಾರೆ ಎಂದು ಹೊಸ ಮ್ಯಾನೇಜರು ಮೊದಲ ದಿನವೇ ನಗುನಗುತ್ತ ಹೇಳಿದ್ದರು.

ಮಿರಜ್ ಮಿಸ್ತ್ರಿ ನನಗಿಂತ ಆರೇಳು ವರ್ಷ ದೊಡ್ಡವರು. ಗಡಿ ಕಡೆಯ ಹಳ್ಳಿಯವರು, ಮನೆಯಲ್ಲಿ ಕುರಿ ಸಾಕುತ್ತಾರೆ. ನಮ್ಮ ಮನೆಯಂತೆ ಅವರ ಮನೆಯಲ್ಲೂ ಕನ್ನಡ. ಬೇರೆ ಕಾಲವಾಗಿದ್ದರೆ ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದೆವು. ಆ ಮೂರು ವಾರ ಮಾತ್ರ 'ದಾದಾ, ಜ್ಯಾಕ್ ಕೊಡ್ರಿ', 'ತಗೋರಿ' ಅನ್ನುವುದರ ಆಚೆಗೆ ನಮ್ಮ ಮಾತು ಹೋಗಲಿಲ್ಲ. ಅವರು ನನ್ನ ಕೈ ನೋಡುತ್ತಿದ್ದರು, ನಾನು ಅವರ ಕೈ ನೋಡುತ್ತಿದ್ದೆ. ಯಾರ ಕೈಯಿಂದ ಏನು ಜಾರುತ್ತದೆ ಎಂದು ಕಾಯುವ ಇಬ್ಬರು ಗಂಡಸರು ಒಂದೇ ಛಾವಣಿಯ ಕೆಳಗೆ ಕೆಲಸ ಮಾಡುವುದು ಎಷ್ಟು ಸುಸ್ತಿನ ಸಂಗತಿ ಎಂದು ಅನುಭವಿಸಿದವರಿಗೇ ಗೊತ್ತು.

ನಾನು ಮೊದಲಿಂದಲೂ ಅಂಜುಬುರುಕ. ಬ್ರೇಕಿನ ಕೆಲಸಕ್ಕೆ ನನ್ನನ್ನು ಹಾಕಿದ್ದೇ ಅದಕ್ಕಾಗಿ ಎಂದು ನಮ್ಮ ಹಳೆಯ ಮಾಲೀಕರು ಚೇಷ್ಟೆ ಮಾಡುತ್ತಿದ್ದರು. ಧೈರ್ಯಸ್ಥರು ಎಂಜಿನ್ ಬಿಚ್ಚಲಿ, ಬ್ರೇಕಿಗೆ ಎರಡು ಸಲ ನೋಡುವವನೇ ಬೇಕು ಅನ್ನುತ್ತಿದ್ದರು. ಆ ಎರಡು ಸಲ ನೋಡುವವನು ಈ ಸಲ ಒಂದೇ ಸಲ ನೋಡಿದ. ಅದನ್ನೇ ಬರೆಯಲು ಕೂತಿದ್ದೇನೆ.

ಡಾಕ್ಟರು ಮಿರಜಿನಲ್ಲಿ ಎಲುಬಿನ ಆಪರೇಶನ್ ಮಾಡುವವರು. ಗಾಡಿ ಟರ್ಬೊ ಪೆಟ್ರೋಲ್, ನೋಡಲು ಸಾಧಾರಣ ಸೆಡಾನು, ಕಾಲಿಟ್ಟರೆ ಹಾರುವ ಜಾತಿ. ಘಟ್ಟ ಇಳಿಯುವಾಗ ನಾಲ್ಕನೆಯ ತಿರುವಿನ ಹೊತ್ತಿಗೆ ಪೆಡಲ್ ಮೆತ್ತಗಾಗಿ ಒಳಗೆ ಹೋಗುತ್ತದೆ ಎಂಬುದು ಅವರ ದೂರು. ಮುಂದಿನ ಎರಡು ಗಾಲಿಗೆ ದೊಡ್ಡ ಡಿಸ್ಕು, ಡಿಸ್ಕನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುವ ನಾಲ್ಕು ಪಿಸ್ಟನ್ನಿನ ಕ್ಯಾಲಿಪರು, ಉಕ್ಕಿನ ಜಾಲರಿ ಹೆಣೆದ ಪೈಪು, ಕಾವು ತಡೆಯುವ ಪ್ಯಾಡು, ಎಲ್ಲವನ್ನೂ ತರಿಸಿಕೊಂಡೇ ಬಂದಿದ್ದರು. ಜೊತೆಗೆ ಅವರ ತಾಯಿ ಇದ್ದರು. ಎಪ್ಪತ್ತೈದು ದಾಟಿದ ಹೆಂಗಸು, ಹಿಂದೆ ಕೂತರೆ ವಾಂತಿಯಾಗುತ್ತದೆಂದು ಯಾವಾಗಲೂ ಮುಂದಿನ ಸೀಟು. ಡಾಕ್ಟರು ನನ್ನೊಡನೆ ಮರಾಠಿಯಲ್ಲಿ ಮಾತಾಡುತ್ತಿದ್ದರೆ ಆಯಿ ನೇರ ಕನ್ನಡಕ್ಕೇ ಇಳಿದರು.

"ಇದ್ದ ಬ್ರೇಕಿಗೆ ಏನ್ ಧಾಡಿ ಆಗೇತಪಾ? ನಿಂದರಂಗಿಲ್ಲೇನ ಗಾಡಿ?"

"ನಿಂದರತೈತ್ರಿ ಆಯಿ. ಇನ್ನೂ ಲಗೂ ನಿಂದರಬೇಕಂತ ಸಾಹೇಬ್ರು."

"ಲಗೂ ಓಡಸೂದು ಬಿಟ್ರ ತಾನ ಲಗೂ ನಿಂದರತೈತಿ," ಎಂದರು ಆಯಿ. ಡಾಕ್ಟರು ನಕ್ಕರು. ಕನ್ನಡ ಅವರಿಗೆ ತಿಳಿಯುತ್ತದೆ, ನಾಲಿಗೆಗೆ ಬರುವುದಿಲ್ಲ.

ಕೆಲಸವನ್ನು ನಾವಿಬ್ಬರೂ ಕೂಡಿ ಮಾಡಬೇಕೆಂದು ಮ್ಯಾನೇಜರು ತೀರ್ಮಾನಿಸಿದರು. ಬಲಗಡೆ ಸಾಂಗ್ಲಿ, ಎಡಗಡೆ ಮಿರಜು. ಎರಡು ಗ್ಯಾರೇಜು ಹೇಗೆ ಒಂದಾಗಿವೆ ಎಂದು ಪುಣೆಗೆ ಫೋಟೊ ಕಳಿಸುವುದಿತ್ತು. ಅಲ್ಲಿಯವರೆಗೆ ನಾವಿಬ್ಬರೂ ಒಂದೇ ಗಾಡಿಗೆ ಕೈ ಹಚ್ಚಿರಲಿಲ್ಲ.

ಮೊದಲ ದಿನವೇ ತೊಡಕು. ಹಳೆಯ ರಿಮ್ಮು ಹೊಸ ಕ್ಯಾಲಿಪರಿನ ಮೇಲೆ ಕೂರಲಿಲ್ಲ, ಒಳಗಿನ ಕಡ್ಡಿಗಳು ಕ್ಯಾಲಿಪರಿನ ಬೆನ್ನಿಗೆ ತಾಗಿದವು. ನಡುವೆ ಒಂದು ಬಿಲ್ಲೆ ಹಾಕಿ ಗಾಲಿಯನ್ನು ಹೊರಗೆ ತಳ್ಳಿದರೆ ಆಯಿತಲ್ಲ ಎಂದರು ಮ್ಯಾನೇಜರು. ನಾನು ಆಗುವುದಿಲ್ಲ ಎಂದೆ. ಪಟ್ಟಿ ಬರೆಯುವ ಕೈ ಅವರದೇ ಎಂದು ಗೊತ್ತಿದ್ದೂ ಹೇಳಿದೆ. ಆಶ್ಚರ್ಯವೆಂದರೆ ಮಿರಜ್ ಮಿಸ್ತ್ರಿಯೂ ಆಗುವುದಿಲ್ಲ ಎಂದರು. ಒಂದು ಇಂಚು ದೊಡ್ಡ ರಿಮ್ಮು ಕೊಲ್ಲಾಪುರದಿಂದ ಬರುವವರೆಗೆ ಎರಡು ದಿನ ಗಾಡಿ ಸ್ಟ್ಯಾಂಡಿನ ಮೇಲೆ ನಿಂತಿತು. ಆ ಎರಡು ದಿನದಲ್ಲಾದರೂ ನಾವು ಮಾತಾಡಬಹುದಿತ್ತು. ನಾನು ನನ್ನ ಬದಿಯ ಹಬ್ಬಿನ ಮೇಲಿನ ತುಕ್ಕು ಉಜ್ಜಿದೆ, ಅವರು ಅವರದನ್ನು ಉಜ್ಜಿದರು.

ಕ್ಯಾಲಿಪರು ನೇರವಾಗಿ ಗಾಡಿಗೆ ಕೂರುವುದಿಲ್ಲ. ಗಾಲಿಯ ಹಿಂದೆ ನಕಲ್ ಎಂಬ ಉಕ್ಕಿನ ತುಂಡು ಇರುತ್ತದೆ. ಅದಕ್ಕೆ ಎರಡು ಬೋಲ್ಟಿನಿಂದ ಒಂದು ಬ್ರ್ಯಾಕೆಟ್ ಬಿಗಿದು, ಆ ಬ್ರ್ಯಾಕೆಟ್ಟಿಗೆ ಮತ್ತೆರಡು ಬೋಲ್ಟಿನಿಂದ ಕ್ಯಾಲಿಪರನ್ನು ಬಿಗಿಯಬೇಕು. ಡಿಸ್ಕು ಕ್ಯಾಲಿಪರಿನ ಸರಿ ನಡುವೆ ತಿರುಗಬೇಕು, ಒಂದು ಕೂದಲು ಆಚೀಚೆ ಆದರೂ ತೆಳ್ಳನೆಯ ತಗಡು ಸೇರಿಸಿ ನಡುವಿಗೆ ತರಬೇಕು. ಹಾಗಾಗಿ ಮೊದಲು ಬ್ರ್ಯಾಕೆಟ್ಟಿನ ಬೋಲ್ಟನ್ನು ಸಣ್ಣ ಪಾನಾದಿಂದ, ಅಂದರೆ ಸ್ಪ್ಯಾನರಿನಿಂದ, ತಕ್ಕಮಟ್ಟಿಗೆ ತಿರುವಿ ಬಿಟ್ಟು ಅಳತೆ ನೋಡುತ್ತಾರೆ. ಅಳತೆ ಸರಿಯಾದ ಮೇಲೆ ಬೋಲ್ಟು ಹೊರಗೆ ತೆಗೆದು, ಸಡಿಲಾಗದಂತೆ ನೀಲಿ ಅಂಟು ಹಚ್ಚಿ, ಬಿಗಿ ಅಳೆಯುವ ಟಾರ್ಕ್ ಪಾನಾ ಹಾಕಿ, ತಕ್ಕ ಬಿಗಿಗೆ ಬಂದು ಅದು ಟಕ್ ಎನ್ನುವವರೆಗೆ ತಿರುವುತ್ತಾರೆ. ಬಿಗಿದಾದ ಮೇಲೆ ಬೋಲ್ಟಿನ ತಲೆಯಿಂದ ಬ್ರ್ಯಾಕೆಟ್ಟಿನ ಮೇಲೆ ಹಾಯುವಂತೆ ಹಳದಿ ಬಣ್ಣದ ಒಂದು ಗೆರೆ. ನಮ್ಮ ಸಾಂಗ್ಲಿಯಲ್ಲಿ ಹಳದಿ ಗೆರೆ ಬಿತ್ತೆಂದರೆ ಆ ಬೋಲ್ಟಿನ ಕಥೆ ಮುಗಿಯಿತು, ಮತ್ತೆ ಯಾರೂ ಅದರ ತಂಟೆಗೆ ಹೋಗುವುದಿಲ್ಲ. ಹದಿನೆಂಟು ವರ್ಷ ಹಾಗೆಯೇ ನಡೆದಿತ್ತು.

ರಿಮ್ಮು ಬಂದ ದಿನ ಮಧ್ಯಾಹ್ನ ನನ್ನ ಬದಿ ಮುಗಿಯಿತು. ಎಡಗಡೆ ಮಿರಜ್ ಮಿಸ್ತ್ರಿ ಬ್ರ್ಯಾಕೆಟ್ ಕೂಡಿಸಿ ಅಳತೆ ಹಿಡಿಯುತ್ತಿದ್ದಾಗ ಮ್ಯಾನೇಜರ ಕೋಣೆಯಿಂದ ಅವರಿಗೆ ಕರೆ ಬಂತು. ಒಬ್ಬೊಬ್ಬರನ್ನೇ ಕರೆದು ಕೂರಿಸಿ ಪ್ರಶ್ನೆ ಕೇಳುತ್ತಿದ್ದ ವಾರ ಅದು. ಅವರು ಕೈ ಒರಸಿಕೊಂಡು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಹೋದರು. ಒಂದು ಗಂಟೆಯಾದರೂ ಬರಲಿಲ್ಲ. ಸಂಜೆ ಗಾಡಿ ಕೊಡಲೇಬೇಕು, ಮರುದಿನ ಬೆಳಿಗ್ಗೆ ಡಾಕ್ಟರು ತಾಯಿಯನ್ನು ರತ್ನಾಗಿರಿಯ ಮಗಳ ಮನೆಗೆ ಬಿಡಲು ಆಂಬಾ ಘಟ್ಟ ಇಳಿಯುವವರಿದ್ದರು.

ನಾನು ಎಡಗಡೆಗೆ ಹೋಗಿ ಬಗ್ಗಿ ನೋಡಿದೆ. ಬ್ರ್ಯಾಕೆಟ್ಟಿನ ಎರಡೂ ಬೋಲ್ಟಿನ ಮೇಲೆ ಹಳದಿ ಗೆರೆ. ನನ್ನ ಗೆರೆಗಿಂತ ಸ್ವಲ್ಪ ದಪ್ಪ. ಕೈ ಬೇರೆ, ಅದಕ್ಕೆ ಅಂದುಕೊಂಡೆ. ಕ್ಯಾಲಿಪರು ಕೂಡಿಸಿ ಅದರ ಬೋಲ್ಟು ಬಿಗಿದೆ, ಪ್ಯಾಡು ಹಾಕಿದೆ, ಪೈಪು ಜೋಡಿಸಿದೆ. ಇನ್ನೊಬ್ಬನನ್ನು ಪೆಡಲ್ ಒತ್ತಲು ಕೂರಿಸಿ ನಾಲ್ಕೂ ಗಾಲಿಯ ಬ್ರೇಕ್ ಪೈಪಿನಲ್ಲಿ ಸಿಕ್ಕ ಗಾಳಿ ತೆಗೆದೆ. ಗಾಲಿ ಹಾಕಿ ಗಾಡಿ ಇಳಿಸಿದೆ. ಆಗ ಮಿರಜ್ ಮಿಸ್ತ್ರಿ ಬಂದರು. ಮುಖ ಬಾಡಿತ್ತು. ಗಾಡಿಯನ್ನು ನೋಡಿದರು, ನನ್ನನ್ನು ನೋಡಿದರು.

"ಎಲ್ಲಾ ಆತೇನು?"

"ಆತ್ರಿ."

'ಬ್ರ್ಯಾಕೆಟ್ ನೀವು ಬಿಗಿದಿದ್ದಿರಲ್ಲ' ಎಂದು ನಾನು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ. ಕೇಳಿದರೆ ನನಗೆ ತಿಳಿಯದು ಎಂದಾಗುತ್ತದೆ, ಅಥವಾ ಅವರ ಮೇಲೆ ನಂಬಿಕೆಯಿಲ್ಲ ಎಂದಾಗುತ್ತದೆ. ಪಟ್ಟಿ ಬರುವ ಹೊತ್ತಿನಲ್ಲಿ ಎರಡೂ ಬೇಡವಾಗಿತ್ತು. ಕೊನೆಯ ತಪಾಸಣೆಯ ಹಾಳೆಯಲ್ಲಿ 'ಎಲ್ಲ ಬೋಲ್ಟು ಬಿಗಿ' ಎಂಬ ಸಾಲಿನ ಮುಂದೆ ನಾನು ಸಹಿ ಹಾಕಿದೆ.

ಪ್ಯಾಡು ಡಿಸ್ಕಿಗೆ ಹೊಂದಲೆಂದು ನಾನೇ ಗಾಡಿ ಓಡಿಸಿದೆ. ಖಾಲಿ ರಸ್ತೆಯಲ್ಲಿ ಎಂಬತ್ತಕ್ಕೆ ಏರಿಸಿ ಇಪ್ಪತ್ತಕ್ಕೆ ಇಳಿಸುವುದು, ಹತ್ತು ಸಲ. ಪೆಡಲು ಕಲ್ಲಿನಂತೆ ಗಟ್ಟಿ. ಡಾಕ್ಟರು ಖುಷಿಯಿಂದ ಕೈ ಕುಲುಕಿ ಗಾಡಿ ಒಯ್ದರು. ಆ ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು. ಈಗ ನೆನೆದರೆ ಆ ನಿದ್ದೆಗೇ ಹೆದರಿಕೆಯಾಗುತ್ತದೆ.

ಮರುದಿನ ಬೆಳಿಗ್ಗೆ ಒಂಬತ್ತರ ಸುಮಾರು. ಪಕ್ಕದ ಗಾಡಿಯ ಕೆಳಗೆ ಮಿರಜ್ ಮಿಸ್ತ್ರಿ ಏನೋ ಬಿಗಿಯುತ್ತಿದ್ದರು. ಟಾರ್ಕ್ ಪಾನಾ ಟಕ್ ಎಂದಿತು. ಅವರು ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆ ತೆಗೆದುಕೊಂಡು ಬೋಲ್ಟಿನ ಮೇಲಿದ್ದ ಹಳದಿ ಗೆರೆಯನ್ನು ಒರಸಿ ಹಾಕಿದರು.

ನಾನು ಸುಮ್ಮನೆ, ಮಾತಿಗೆಂದು ಕೇಳಿದೆ. "ಯಾಕ ದಾದಾ, ಒರಸಾಕತ್ತೀರಿ?"

"ಬಿಗಿ ಆತಲ್ಲ. ಇನ್ಯಾಕ ಬೇಕದು?"

"ಬಿಗಿ ಆದಮ್ಯಾಲ ಹಚ್ಚತಾರಲ್ರಿ ಗೆರಿ?"

ಅವರು ಗಾಡಿಯ ಕೆಳಗಿನಿಂದ ತಲೆ ಹೊರಗೆ ತಂದರು. "ಇಲ್ಲಪಾ. ಬಿಗಿ ಮಾಡೂದು ಬಾಕಿ ಐತಿ ಅಂತ ಹಚ್ಚೂದು. ಆದಮ್ಯಾಲ ಒರಸೂದು. ನಮ್ಮಲ್ಲಿ ಹಂಗ."

ಗಾಡಿಗೆ ಆತು ನಿಂತೆ. "ಡಾಕ್ಟರ ಗಾಡಿದು ಬ್ರ್ಯಾಕೆಟ್..." ಎಂದೆ.

"ನೀವ ಮಾಡೀರಲ್ಲ?" ಎಂದರು ಅವರು. ನನ್ನ ಮುಖ ನೋಡಿ ಎದ್ದು ಕೂತರು. "ನಾ ಅಳತಿ ನೋಡಾಕ ಬಿಟ್ಟಿದ್ದೆ. ಅಂಟು ಸುದ್ಧಾ ಹಚ್ಚಿದ್ದಿಲ್ಲ."

ಆ ಕ್ಷಣದಲ್ಲಿ ನನ್ನ ತಲೆಯಲ್ಲಿ ಮೊದಲು ಬಂದ ವಿಚಾರವನ್ನು ಮುಚ್ಚಿಡುವುದಿಲ್ಲ. ಎಡಗಡೆ ಅವರದು, ನನ್ನದಲ್ಲ ಎಂಬುದು ಮೊದಲು ಬಂತು. ಸಹಿ ನನ್ನದು ಎಂಬುದು ಎರಡನೆಯದು. ನಿನ್ನೆ ಹತ್ತು ಸಲ ಬ್ರೇಕ್ ಒತ್ತಿದಾಗ ತಡೆದಿದೆ, ಇವತ್ತೂ ತಡೆಯಬಹುದು, ವಾಪಸು ಬಂದ ಮೇಲೆ ಏನಾದರೊಂದು ನೆವ ಹೇಳಿ ಕರೆಸಿ ಬಿಗಿದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂಬುದು ಮೂರನೆಯದು. ಮುಂದಿನ ಸೀಟಿನಲ್ಲಿ ಕೂತ ಆಯಿ ನೆನಪಾದದ್ದು ಇವೆಲ್ಲ ಆದ ಮೇಲೆ. ನಾನು ಎಂಥವನು ಎಂದು ನನಗೆ ಆ ದಿನ ಗೊತ್ತಾಯಿತು.

ಒಂದು ಬೋಲ್ಟು ಬಿದ್ದು ಇನ್ನೊಂದು ಸಡಿಲಾದರೆ ಕ್ಯಾಲಿಪರು ತಿರುಗಿ ರಿಮ್ಮಿನೊಳಗೆ ಸಿಕ್ಕಿಕೊಳ್ಳುತ್ತದೆ, ಪೈಪು ಹರಿಯುತ್ತದೆ. ಬ್ರೇಕ್ ಜೋರಾಗಿ ಒತ್ತಿದಾಗಲೇ ಅದು ಆಗುತ್ತದೆ. ಬ್ರೇಕ್ ಜೋರಾಗಿ ಒತ್ತುವುದು ಘಟ್ಟದ ತಿರುವಿನಲ್ಲಿ.

ಡಾಕ್ಟರಿಗೆ ಫೋನ್ ಹಚ್ಚಿದೆ. ರಿಂಗಾಗಿ ನಿಂತಿತು. ಮತ್ತೆ ಹಚ್ಚಿದೆ, ಮತ್ತೆ ನಿಂತಿತು. ಗಾಡಿ ಓಡಿಸುವಾಗ ಅವರು ಫೋನ್ ಎತ್ತುವುದಿಲ್ಲ ಎಂದು ಅವರ ಆಸ್ಪತ್ರೆಯ ಕೌಂಟರಿನ ಹೆಣ್ಣುಮಗಳು ಹೇಳಿದಳು. ಬೆಳಿಗ್ಗೆ ಆರೂವರೆಗೆ ಹೊರಟಿದ್ದಾರಂತೆ. ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಕೊಲ್ಲಾಪುರ ದಾಟಿ, ಮಲಕಾಪುರ ದಾಟಿ, ಘಟ್ಟದ ಬಾಯಿಯಲ್ಲಿ ಇರಬೇಕು, ಇಲ್ಲವೆ ಇಳಿಯುತ್ತಿರಬೇಕು. ಅವರ ತಾಯಿಯ ಹತ್ತಿರ ಫೋನ್ ಇದೆಯೇ ಎಂದು ಕೇಳಿದೆ. ಇತ್ತು. ಮಗ ಉಂಡನೋ ಇಲ್ಲವೋ ಎಂದು ಆಯಿ ದಿನಾ ಕೌಂಟರಿಗೆ ಫೋನ್ ಮಾಡುತ್ತಿದ್ದುದರಿಂದ ನಂಬರು ಅವಳ ಹತ್ತಿರವಿತ್ತು.

ಐದಾರು ರಿಂಗಾದ ಮೇಲೆ ಆಯಿ ಎತ್ತಿದರು. ಎಂಜಿನ್ನಿನ ಸದ್ದು ಕೇಳುತ್ತಿತ್ತು. ಗಾಡಿ ಓಡುತ್ತಿತ್ತು.

"ಯಾರು?"

"ಆಯಿ, ನಾ ಗ್ಯಾರೇಜಿನಾಂವ. ಬ್ರೇಕ್ ಕೂಡಿಸಿದಾಂವ. ಗಾಡಿ ಸೈಡಿಗೆ ತಗೊಂಡು ನಿಂದರಸ್ರಿ ಅಂತ ಸಾಹೇಬ್ರಿಗೆ ಹೇಳ್ರಿ. ಸಾವಕಾಶ ನಿಂದರಸ್ಲಿ. ಜೋರ ಬ್ರೇಕ್ ಹಾಕಬಾರದು."

"ಯಾಕಪಾ, ಏನಾತು?"

ಬಾಯಿಗೆ ಒಂದು ಸುಳ್ಳು ಬಂದಿತ್ತು. ಅದನ್ನು ಹೇಳಿದರೆ ಡಾಕ್ಟರು ಆಮೇಲೆ ನೋಡೋಣ ಅನ್ನಬಹುದೆಂಬ ಭಯವೇ ಗೆದ್ದಿತು. "ಎಡಗಡಿ ಗಾಲಿದು ಎರಡ ಬೋಲ್ಟ್ ನಾ ಬಿಗಿ ಮಾಡಿಲ್ರಿ."

"ಮತ್ಯಾರ ಮಾಡ್ಯಾರ?"

"ಯಾರೂ ಮಾಡಿಲ್ರಿ."

ಆಯಿ ಮಗನಿಗೆ ಏನೋ ಹೇಳಿದರು. ಡಾಕ್ಟರ ದನಿ ಕೇಳಿತು, ಮಾತು ತಿಳಿಯಲಿಲ್ಲ. ಎಂಜಿನ್ನಿನ ಸದ್ದು ಇಳಿಯತೊಡಗಿತು. ಎಷ್ಟು ಹೊತ್ತು ಇಳಿಯಿತೋ, ನಾನು ಫೋನನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿಕೊಂಡಿದ್ದೆ. ಕೊನೆಗೆ ಬಾಗಿಲು ತೆಗೆದ ಸದ್ದು. "ನಿಂತೇವಿ," ಎಂದರು ಆಯಿ. ಆಂಬಾ ಊರು ದಾಟಿದ್ದರು, ಘಟ್ಟದ ಇಳಿಜಾರು ಇನ್ನೂ ಸುರುವಾಗಿರಲಿಲ್ಲ.

ಮ್ಯಾನೇಜರ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಕೂಗಾಡಲಿಲ್ಲ, ಹಾಳೆ ತರಿಸಿ ಸಹಿ ನೋಡಿದರು. ಎಡಗಡೆ ಯಾರು ಮಾಡಿದ್ದು ಎಂದು ಕೇಳಿದರು. ಬ್ರ್ಯಾಕೆಟ್ ಕೂಡಿಸಿದ್ದು ಅವರು, ಗಾಡಿ ಮುಗಿಸಿದ್ದು ನಾನು ಎಂದೆ. ಪಟ್ಟಿಯ ವಿಷಯ ಇಲ್ಲೇ ಮುಗಿಸಿಬಿಡುತ್ತೇನೆ. ಮುಂದಿನ ವಾರ ಅದು ಬಂತು, ಮಿರಜ್ ಮಿಸ್ತ್ರಿಯ ಹೆಸರಿತ್ತು, ನನ್ನದಿರಲಿಲ್ಲ. ಈಗ ಸಾಂಗ್ಲಿವಾಡಿಯ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿದ್ದೇನೆ, ಅಂಥ ದುಃಖವೇನಿಲ್ಲ.

ವ್ಯಾನಿನಲ್ಲಿ ಜ್ಯಾಕು, ಸ್ಟ್ಯಾಂಡು, ಟಾರ್ಕ್ ಪಾನಾ, ಅಂಟು, ಅಳತೆ ತಗಡು ಹಾಕಿಕೊಂಡು ಹೊರಡುವಾಗ ಮಿರಜ್ ಮಿಸ್ತ್ರಿ ಬಂದು ಪಕ್ಕದಲ್ಲಿ ಕೂತರು. ನಾನು ಕರೆದಿರಲಿಲ್ಲ. ಎರಡೂವರೆ ಗಂಟೆಯ ದಾರಿ. ಕೊಲ್ಲಾಪುರ ದಾಟಿದ ಮೇಲೆ ಅವರು, "ಕ್ಯಾಬಿನದಾಗ ನನಗ ಕೇಳಿದ್ರು, ಆ ಸಾಂಗ್ಲಿಯಾಂವ ಹ್ಯಾಂಗ ಅಂತ," ಎಂದರು.

"ಏನ್ ಹೇಳಿದ್ರಿ?"

"ಛಲೋ ಕೆಲಸಗಾರ, ಆದ್ರ ಭಾಳ ಅಂಜತಾನ ಅಂದೆ." ರಸ್ತೆಯನ್ನೇ ನೋಡುತ್ತ, "ಅದನ್ನ ಹೇಳಿ ಬಂದ ಕೂಡಲೇ ನಿಮ್ಮ ಮಾರಿ ನೋಡಾಕ ಆಗಲಿಲ್ಲ. ಅದಕ್ಕ ಬ್ರ್ಯಾಕೆಟ್ ಬಿಗಿ ಮಾಡಿದ್ರೇನು ಅಂತ ಕೇಳಲಿಲ್ಲ," ಎಂದರು.

ಡಾಕ್ಟರು ಗಾಡಿಯ ಪಕ್ಕದಲ್ಲೇ ನಿಂತಿದ್ದರು. ಆಯಿ ಸೀಟಿನಲ್ಲಿ ಕೂತಿದ್ದರು. ಯಾರೂ ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಆಯಿಯನ್ನು ಇಳಿಸಿ ನೆರಳಿಗೆ ಕೂರಿಸಿ, ಗಾಡಿ ಎತ್ತಿ ಗಾಲಿ ಬಿಚ್ಚಿದೆ. ಮೇಲಿನ ಬೋಲ್ಟು ಮೂರು ಸುತ್ತು ಹೊರಗೆ ಬಂದು ನಿಂತಿತ್ತು, ಹಳದಿ ಗೆರೆಯ ಅರ್ಧ ಒಂದು ಕಡೆ, ಅರ್ಧ ಇನ್ನೊಂದು ಕಡೆ. ಕೆಳಗಿನ ಬೋಲ್ಟಿಗೆ ಪಾನಾ ಬೇಕಾಗಲಿಲ್ಲ, ಬೆರಳಿನಿಂದ ತಿರುಗಿತು. ಡಾಕ್ಟರು ಬಗ್ಗಿ ನೋಡಿದರು. ಬೆಳಿಗ್ಗೆಯಿಂದ ಎಡಗಡೆ ಒಂದು ಸಣ್ಣ ಟಿಕ್ ಎಂಬ ಸದ್ದಿತ್ತು, ಹೊಸ ಪ್ಯಾಡಿನದಿರಬೇಕು ಅಂದುಕೊಂಡೆ ಎಂದರು.

ಮಿರಜ್ ಮಿಸ್ತ್ರಿ ಬ್ರ್ಯಾಕೆಟ್ ಹಿಡಿದರು, ನಾನು ಬೋಲ್ಟು ಎರಡನ್ನೂ ಹೊರಗೆ ತೆಗೆದೆ. ಥ್ರೆಡ್ಡು ಸವೆದಿರಲಿಲ್ಲ. ಆದರೂ ಹಾಕಲಿಲ್ಲ, ಚೀಲದಿಂದ ಹೊಸ ಬೋಲ್ಟು ತೆಗೆದೆ. ಅಳತೆ ಹಿಡಿದೆವು, ಅಂಟು ಹಚ್ಚಿದೆವು. ನಾನು ಬಿಗಿದು ಟಕ್ ಎಂದ ಮೇಲೆ ಪಾನಾ ಅವರಿಗೆ ಕೊಟ್ಟೆ, ಅವರು ಹಾಕಿ ಟಕ್ ಎನ್ನಿಸಿದರು. ಬಲಗಡೆ ನನ್ನ ಗಾಲಿಯನ್ನೂ ಬಿಚ್ಚಿಸಿ ಅಲ್ಲಿಯೂ ಅವರ ಕೈಯಿಂದಲೇ ನೋಡಿಸಿದೆ. ಅಂಟು ಗಟ್ಟಿಯಾಗುವವರೆಗೆ ಎರಡು ಗಂಟೆ ರಸ್ತೆಯ ಪಕ್ಕ ಕೂತೆವು. ಆಮೇಲೆ ಸಪಾಟಾದ ರಸ್ತೆಯಲ್ಲಿ ಡಾಕ್ಟರೂ ನಾನೂ ಹೋಗಿ ಜೋರಾಗಿ ಬ್ರೇಕ್ ಹಾಕಿ, ವಾಪಸು ಬಂದು ಮತ್ತೆ ಗಾಲಿ ಬಿಚ್ಚಿ ನೋಡಿದೆವು. ಬೋಲ್ಟು ಅಲುಗಿರಲಿಲ್ಲ.

ಆಯಿ ನಮ್ಮ ವ್ಯಾನಿನಲ್ಲಿ ಘಟ್ಟ ಇಳಿಯಲಿ ಎಂದು ನಾನೇ ಹೇಳಿದೆ. ಡಾಕ್ಟರು ತಾಯಿಯ ಮುಖ ನೋಡಿದರು. ಆಯಿ ನನ್ನ ಮುಖ ನೋಡಿದರು.

"ಈಗ ಬಿಗಿ ಮಾಡೀಯಿಲ್ಲೋ?"

"ಮಾಡೀನ್ರಿ."

"ಹಂಗಾರ ಆತು," ಎಂದು ಎದ್ದು ಸೀರೆ ಝಾಡಿಸಿಕೊಂಡು ಹೋಗಿ ಮುಂದಿನ ಸೀಟಿನಲ್ಲಿ ಕೂತು ಬಿಟ್ಟರು.

ಬೆಳಿಗ್ಗೆಯಿಂದ ಪಟ್ಟ ಭಯಗಳಲ್ಲಿ ಇದರಷ್ಟು ದೊಡ್ಡದು ಯಾವುದೂ ಇರಲಿಲ್ಲ. ನಾನೂ ಬರುತ್ತೇನೆ ಎಂದು ಹಿಂದಿನ ಸೀಟು ಹತ್ತಿದೆ. ಮಿರಜ್ ಮಿಸ್ತ್ರಿ ವ್ಯಾನು ತೆಗೆದುಕೊಂಡು ಹಿಂದೆ ಬಂದರು. ಘಟ್ಟ ಸುರುವಾಯಿತು. ಒಂದು ಬದಿಗೆ ಬಂಡೆ, ಒಂದು ಬದಿಗೆ ಕೆಳಗೆಲ್ಲೋ ಮರಗಳ ನೆತ್ತಿ. ಡಾಕ್ಟರು ಮೆಲ್ಲಗೆ ಓಡಿಸುತ್ತಿದ್ದರು, ಆದರೂ ಪ್ರತಿ ತಿರುವಿಗೂ ಬ್ರೇಕ್ ಒತ್ತಲೇಬೇಕಲ್ಲ. ಮೂರನೆಯ ತಿರುವಿನ ಹೊತ್ತಿಗೆ ಆಯಿಗೆ ನಿದ್ದೆ ಬಂದಿತ್ತು. ಬ್ರೇಕ್ ಹತ್ತಿದಾಗಲೆಲ್ಲ ಅವರ ತಲೆ ಮುಂದಕ್ಕೆ ಬಾಗುತ್ತಿತ್ತು, ಬಿಟ್ಟಾಗ ಹಿಂದಕ್ಕೆ ಒರಗುತ್ತಿತ್ತು. ನಾನು ಸೀಟಿನ ಪಕ್ಕದಿಂದ ಕೈ ಚಾಚಿ ಅವರ ಹಣೆಯ ಮುಂದೆ ಹಿಡಿದೆ. ಬೆರಳಿನ ಸಂದಿಯಲ್ಲಿ ಇನ್ನೂ ಆ ನೀಲಿ ಅಂಟು ಇತ್ತು. ಹಣೆಗೆ ತಾಗದಂತೆ, ತಾಗಿದರೂ ಪೆಟ್ಟಾಗದಂತೆ, ಘಟ್ಟ ಮುಗಿಯುವವರೆಗೆ ಹಾಗೇ ಹಿಡಿದುಕೊಂಡು ಕೂತೆ. ಆಯಿಗೆ ಎಚ್ಚರವಾಗಲಿಲ್ಲ.